ರೊಟ್ಟಿ ದುಡ್ಡಿನಿಂದ ತುಂಬಿದ ಬೇಳೆ ಡಬ್ಬಿ

ಗದಗ ಕಡೆಯ ಎರೆಹೊಲದ, ಅಂದರೆ ಕಪ್ಪುಮಣ್ಣಿನ ಹೊಲದ ಮನೆಗಳಲ್ಲಿ ಜೂನ್‌ನಿಂದ ಆಗಸ್ಟ್ ತನಕ ಕೈಯಲ್ಲಿ ದುಡ್ಡು ಆಡುವುದಿಲ್ಲ. ಇದ್ದದ್ದೆಲ್ಲ ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ಅನ್ನಭಾಗ್ಯದ ಅಕ್ಕಿ ಇರುವುದರಿಂದ ಯಾರೂ ಉಪವಾಸ ಮಲಗುವುದಿಲ್ಲ, ನಿಜ. ಆದರೆ ಸಾರು ತೆಳ್ಳಗಾಗುತ್ತದೆ. ಮೊದಲು ಬೇಳೆ ಕಡಿಮೆ, ಆಮೇಲೆ ಎಣ್ಣೆ, ಆಮೇಲೆ ಕಾಯಿಪಲ್ಲೆ. ಎಲ್ಲರದೂ ಆದ ಮೇಲೆ ಉಣ್ಣುವವಳು ಮನೆಯ ಹೆಂಗಸು ಅಲ್ವಾ? ಅವಳಿಗೆ ಬರೀ ತಿಳಿಸಾರು.

ನಾನು ಕಡಕ ರೊಟ್ಟಿ ಮಾಡಿ ಮಾರಲು ಶುರು ಮಾಡಿದ್ದು ಈ ಮೂರು ತಿಂಗಳ ಸಲುವಾಗಿ.

ಹತ್ತಿ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ಬಂದ ವಾರದಲ್ಲೇ ಸೊಸೈಟಿ ಸಾಲ, ಅಂಗಡಿ ಉದ್ರಿ, ಯಾರದೋ ಮದುವೆ ಅಂತ ಮುಗಿದುಹೋಗುತ್ತದೆ. ರೊಟ್ಟಿ ದುಡ್ಡು ವಾರವಾರ ಬರುತ್ತದೆ, ಅದೂ ನನ್ನ ಕೈಗೇ. ಸಣ್ಣ ಮೊತ್ತ ನೋಡಿ, ಯಾರ ಕಣ್ಣೂ ಅದರ ಮೇಲೆ ಬೀಳುವುದಿಲ್ಲ.

ಆ ದುಡ್ಡಿನಲ್ಲಿ ಅಂಗಡಿಯಿಂದ ಕಾಲು ಕಿಲೋ, ಅರ್ಧ ಕಿಲೋ ತರುವುದನ್ನು ಬಿಟ್ಟೆ. ಸುಗ್ಗಿ ನೋಡಿಕೊಂಡು ತರುತ್ತೇನೆ. ಹೆಸರು ಸೆಪ್ಟೆಂಬರ್ ಸುಮಾರಿಗೆ, ತೊಗರಿ ಜನವರಿಯಲ್ಲಿ, ಬಿಳಿಜೋಳ ರಾಶಿಯಾದ ಕೂಡಲೇ. ಬೆಳೆದವರ ಮನೆಯಿಂದಲೇ ಕೊಂಡರೆ ರೇಟೂ ಕಡಿಮೆ, ಕಾಳೂ ಚೆನ್ನಾಗಿರುತ್ತದೆ. ಎಲ್ಲವನ್ನೂ ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು. ತೊಗರಿಗೆ ಸ್ವಲ್ಪ ಔಡಲ ಎಣ್ಣೆ ಸವರಿ ಡಬ್ಬಿಗೆ ತುಂಬುತ್ತೇನೆ, ಜೋಳದಲ್ಲಿ ಒಣ ಬೇವಿನ ಎಲೆ ಹಾಕುತ್ತೇನೆ. ಮುಂಗಾರು ಬರುವಷ್ಟರಲ್ಲಿ ಬೇಳೆ ಮನೆಯಲ್ಲಿ ಇರುತ್ತದೆ. ಆಮೇಲೆ ರೇಟು ಏರಲಿ, ಇಳಿಯಲಿ.

ಎಮ್ಮೆ ವಿಷಯ ಬೇರೆ. ಡೇರಿಯಲ್ಲಿ ಫ್ಯಾಟ್ ನೋಡಿ ರೇಟು ಕೊಡುತ್ತಾರೆ. ಎಮ್ಮೆ ಹಾಲಿಗೆ ಫ್ಯಾಟ್ ಜಾಸ್ತಿ, ಹಾಗಾಗಿ ಪೂರ್ತಿ ಹಾಕಿಬಿಡೋಣ ಅನಿಸುತ್ತದೆ. ಡೇರಿ ಬಿಲ್ಲು ದಪ್ಪವಾಗಿದ್ದು ಮಕ್ಕಳು ಕರಿ ಚಹಾ ಕುಡಿಯುವ ಮನೆಗಳನ್ನು ನಮ್ಮೂರಲ್ಲೇ ನೋಡಿದ್ದೇನೆ. ನಾನು ಬೆಳಗಿನ ಹಾಲು ಮಾತ್ರ ಹಾಕುತ್ತೇನೆ. ಸಂಜೆಯದು ಮನೆಗೆ. ಗಳಿಕೆ ಹೆಚ್ಚಿತು ಅಂದಮಾತ್ರಕ್ಕೆ ಊಟ ಸುಧಾರಿಸುತ್ತದೆ ಅಂತ ಹೇಳುವವರು ಇದನ್ನು ಸ್ವಲ್ಪ ನೋಡಬೇಕು.

ಕೆಲಸವೇನೂ ಸುಲಭದ್ದಲ್ಲ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು, ತೆಳ್ಳಗೆ ಬಡಿಯಬೇಕು, ಹಂಚಿನ ಮೇಲೆ ಬೇಯಿಸಿ, ನೀರಿನಂಶ ಪೂರ್ತಿ ಹೋಗುವ ತನಕ ಒಣಗಿಸಬೇಕು. ಸ್ವಲ್ಪ ಮೆತ್ತಗಿದ್ದರೂ ಬೂಸು ಬರುತ್ತದೆ. ಹಿಟ್ಟು ಹಳೆಯದಾದರೆ ಜಿಗುಟು ಇರುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ಅದಕ್ಕೇ ಬೇಕಾದಷ್ಟೇ ಬೀಸಿಸುತ್ತೇನೆ. ಜತೆಗೆ ಗುರೆಳ್ಳು, ಅಗಸಿ ಚಟ್ನಿಪುಡಿ ಇಟ್ಟರೆ ರೊಟ್ಟಿಗಿಂತ ಅದರಲ್ಲೇ ಲಾಭ ಜಾಸ್ತಿ. ಲೆಕ್ಕದಲ್ಲಿ ಜೋಳ, ಗಿರಣಿ, ಕಟ್ಟಿಗೆ ಜತೆ ನನ್ನ ದಿನಗೂಲಿಯನ್ನೂ ಹಿಡಿಯುತ್ತೇನೆ. ಕಳೆ ತೆಗೆಯಲು ಹೋದರೆ ಸಿಗುವಷ್ಟಾದರೂ ಉಳಿಯಬೇಕಲ್ಲ. ನಮ್ಮ ಮಹಿಳಾ ಸಂಘದಲ್ಲಿ ಹಲವರು ತಮ್ಮ ಕೂಲಿ ಬಿಟ್ಟೇ ರೇಟು ಹೇಳುತ್ತಾರೆ. ರೊಟ್ಟಿ ಬಡಿಯುವ ದಿನ ಅಡುಗೆ ಅತ್ತೆಯದು, ಗಿರಣಿಗೆ ಹೋಗಿಬರುವುದು ನನ್ನ ಗಂಡನದು. ಇದಕ್ಕೆ ಒಪ್ಪಿಸಲು ರೊಟ್ಟಿ ಕಲಿತಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು!

ಈಗ ಹೊಲದ ಮಾತಿಗೂ ಬಾಯಿ ಹಾಕುತ್ತೇನೆ. ಎಲ್ಲ ಹತ್ತಿ, ಗೋವಿನಜೋಳ ಆದರೆ ರೊಟ್ಟಿಗೆ ಜೋಳವನ್ನೂ ಕೊಳ್ಳಬೇಕು, ದನಕ್ಕೆ ಕಣಿಕೆಯನ್ನೂ ಕೊಳ್ಳಬೇಕು. ಈ ಹಿಂಗಾರಿಗೆ ಬಿಳಿಜೋಳ, ನಡುವೆ ಕುಸುಬಿಯ ಅಕ್ಕಡಿ ಸಾಲು ಹಾಕಲು ಎರಡು ಎಕರೆ ಕೇಳಿದ್ದೆ. ಬೀಜ ನಾನೇ ತರುತ್ತೇನೆ ಅಂದ ಮೇಲೆ ಒಂದೂವರೆಗೆ ಮನೆಯವರು ಒಪ್ಪಿದ್ದಾರೆ.