ಕಂಪನಿ ಕೊಟ್ಟ ರೂಟರ್‌ನಲ್ಲಿ ಸೆಟ್ಟಿಂಗ್ ಲಾಕ್ ಆಗಿದ್ದರೆ ಹೀಗೆ ಮಾಡಿ

ಫೈಬರ್ ಕನೆಕ್ಷನ್ ಜೊತೆ ಬರುವ ಎಷ್ಟೋ ರೂಟರ್‌ಗಳಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಬಿಟ್ಟರೆ ಬೇರೇನೂ ಮುಟ್ಟೋಕೆ ಬಿಡಲ್ಲ. ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಹಾಕುವ ಜಾಗ ಮಂಕಾಗಿರುತ್ತದೆ, ಎಷ್ಟು ಒತ್ತಿದರೂ ಅಷ್ಟೇ. ದುಡ್ಡು ಕೊಡುವವರು ನಾವು, ಇಷ್ಟಾದರೂ ನಮ್ಮ ಕೈಯಲ್ಲಿರಬೇಕು ಅಲ್ವಾ?

ಅಡ್ಮಿನ್ ಪಾಸ್‌ವರ್ಡ್ ಹುಡುಕುತ್ತಾ ಕೂರಬೇಡಿ. ಕಂಪನಿಯವರು ದೂರದಿಂದಲೇ ಈ ರೂಟರ್‌ಗಳನ್ನು ನಿಭಾಯಿಸುತ್ತಾರೆ, ನೀವು ಬದಲಾಯಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಬಲ್ಲರು. ರೀಸೆಟ್ ತೂತಿಗೆ ಪಿನ್ ಚುಚ್ಚಲೇಬೇಡಿ, ಕನೆಕ್ಷನ್ನಿನ ಯೂಸರ್‌ನೇಮ್ ಅಳಿಸಿಹೋದರೆ ಅವರು ಬರುವವರೆಗೂ ನೆಟ್ ಇರಲ್ಲ.

ಡಿಎನ್‌ಎಸ್ ಮಾತ್ರ ಬದಲಾಗಬೇಕಾದರೆ ರೂಟರ್ ತಂಟೆಯೇ ಬೇಡ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸ ಫೋನ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನೊಳಗೆ ಪ್ರೈವೇಟ್ ಡಿಎನ್‌ಎಸ್ ಇದೆ, ಅಲ್ಲಿ dns.google ಅಂತ ಟೈಪ್ ಮಾಡಿ ಸೇವ್ ಮಾಡಿ.

ಮನೆಯ ಕ್ಯಾಮೆರಾ ಹೊರಗಿನಿಂದ ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಸಂಪರ್ಕವನ್ನು ಮನೆಯೊಳಗಿನ ಒಂದು ಸಾಧನಕ್ಕೆ ಕಳಿಸುವ ಸೆಟ್ಟಿಂಗ್) ಬೇಕೇ? ಹೊಸ ರೂಟರ್ ಕೊಳ್ಳುವ ಮುಂಚೆ ಹಳೆಯದರ ಸ್ಟೇಟಸ್ ಪುಟದಲ್ಲಿ ವ್ಯಾನ್ (WAN) ಐಪಿ, ಅಂದರೆ ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ, ಆಗ ಎಂಥ ದುಬಾರಿ ರೂಟರ್ ತಂದರೂ ಪೋರ್ಟ್ ತೆರೆಯಲ್ಲ. ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಮೀಸಲಾದ, ಬದಲಾಗದ ಪಬ್ಲಿಕ್ ವಿಳಾಸ) ಕೊಡುತ್ತೀರಾ ಎಂದು ಕಂಪನಿಯವರನ್ನು ಕೇಳಿ, ಅದಕ್ಕೆ ಜಾಸ್ತಿ ದುಡ್ಡು ಕೇಳಬಹುದು.

ಉಳಿದ ಎಲ್ಲಕ್ಕೂ ನಿಮ್ಮದೇ ರೂಟರ್ ಒಂದಿದ್ದರೆ ಒಳ್ಳೆಯದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಬ್ರಿಡ್ಜ್ ಮೋಡ್ (ಹಳೆಯ ಪೆಟ್ಟಿಗೆ ನೆಟ್ ದಾಟಿಸುವುದಷ್ಟೇ ಮಾಡಿ, ಉಳಿದ ಕೆಲಸ ನಿಮ್ಮ ರೂಟರ್‌ಗೆ ಬಿಡುವ ಸೆಟ್ಟಿಂಗ್) ಹಾಕಿಕೊಡಿ ಅನ್ನಿ, ಹೊಸ ರೂಟರ್‌ನಲ್ಲಿ ಹಾಕಲು ಪಿಪಿಪಿಒಇ (PPPoE), ಅಂದರೆ ಕನೆಕ್ಷನ್ನಿನ ಲಾಗಿನ್ನಿನ ಯೂಸರ್‌ನೇಮ್, ಪಾಸ್‌ವರ್ಡ್ ಬರೆದುಕೊಳ್ಳಿ. ಲ್ಯಾಂಡ್‌ಲೈನ್ ಫೋನ್ ಅದೇ ಪೆಟ್ಟಿಗೆಗೆ ಸಿಕ್ಕಿಸಿದ್ದರೆ ಅದು ಆಮೇಲೂ ನಡೆಯುತ್ತದಾ ಅಂತ ಆಗಲೇ ಕೇಳಿಬಿಡಿ.

ಆಗಲ್ಲ ಅಂದರೂ ದಾರಿಯಿದೆ. ಹಳೆಯ ರೂಟರ್‌ನ ಲ್ಯಾನ್ ಪೋರ್ಟ್‌ನಿಂದ ಹೊಸದರ ವ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿ. ಹಳೆಯದರ ಐಪಿ ವಿಳಾಸ 192.168.1.1 ಆಗಿದ್ದರೆ ಹೊಸದಕ್ಕೆ 192.168.50.1 ಕೊಡಿ, ಎರಡೂ ಒಂದೇ ಆದರೆ ಗೊಂದಲ. ಡಿಎನ್‌ಎಸ್, ಮಕ್ಕಳ ಫೋನ್‌ಗೆ ಸಮಯದ ಮಿತಿ, ಗೆಸ್ಟ್ ವೈಫೈ ಎಲ್ಲ ಇನ್ನು ನಿಮ್ಮದೇ. ಹೊಸದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಮಾತ್ರ ಹಾಕಬೇಡಿ, ಹಾಕಿದರೆ ಐಪಿ, ಡಿಎನ್‌ಎಸ್ ಕೊಡುವ ಕೆಲಸ ಮತ್ತೆ ಹಳೆಯದಕ್ಕೇ ಹೋಗುತ್ತದೆ.

ಕೊನೆಗೆ ಹಳೆಯದರ ವೈಫೈ ಆಫ್ ಮಾಡಿ, ಅದೇ ಹೆಸರು, ಅದೇ ಪಾಸ್‌ವರ್ಡ್ ಹೊಸದಕ್ಕೆ ಕೊಡಿ. ಸಾಮಾನ್ಯವಾಗಿ ಟಿವಿ, ಫೋನ್ ಎಲ್ಲ ತಾವೇ ಕನೆಕ್ಟ್ ಆಗುತ್ತವೆ.