ವಿಡಿಯೋ ಮೀಟಿಂಗಲ್ಲಿ ಮುಖ ಆಮೇಲೆ, ಮೊದ್ಲು ದನಿ ಸರಿ ಮಾಡ್ಕೊಳ್ಳಿ

ವಿಡಿಯೋ ಮೀಟಿಂಗ್ ಅಂದ ತಕ್ಷಣ ಎಲ್ರೂ ಲೈಟು, ಬ್ಯಾಕ್‌ಗ್ರೌಂಡು, ಶರ್ಟು ಅಂತ ತಲೆ ಕೆಡಿಸ್ಕೊಳ್ತಾರೆ. ಆದ್ರೆ ನಿಮ್ಮ ಮುಖ ಅರ್ಧ ನಿಮಿಷ ಫ್ರೀಜ್ ಆದ್ರೂ ಮೀಟಿಂಗ್ ನಡ್ಕೊಂಡು ಹೋಗತ್ತೆ, ದನಿ ಐದು ಸೆಕೆಂಡ್ ಕಟ್ ಆದ್ರೆ ಎಲ್ಲಾ ನಿಂತೇ ಹೋಗತ್ತೆ. ನಾನು ಎಷ್ಟೋ ದಿನ ಲ್ಯಾಪ್‌ಟಾಪಿನ ಮೈಕಲ್ಲೇ ಮಾತಾಡ್ತಾ, ಅದ್ರ ಜೊತೆಗೇ ಟೈಪೂ ಮಾಡ್ತಾ ಆರಾಮಾಗಿದ್ದೆ, ಒಂದಿನ ರೆಕಾರ್ಡಿಂಗ್ ಕೇಳಿದ್ರೆ ತಗಡಿನ ಶೀಟ್ ಮೇಲೆ ಆಲಿಕಲ್ಲು ಬಿದ್ದಂಗೆ ಕೀಬೋರ್ಡ್ ಸದ್ದು, ಅದ್ರ ಹಿಂದೆ ಎಲ್ಲೋ ಬಾವಿ ಒಳಗಿಂದ ನನ್ ದನಿ. ಪಾಪ ಯಾರೂ ಹೇಳಿರ್ಲಿಲ್ಲ. ಅದಕ್ಕೇ ನೀವೂ ಒಂದ್ಸಲ ಎರಡು ನಿಮಿಷ ರೆಕಾರ್ಡ್ ಮಾಡಿ ಕೇಳ್ಕೊಳ್ಳಿ, ನಾಚ್ಕೆ ಆಗತ್ತೆ, ಆಗ್ಲಿ.

ವೈರ್ ಇರೋ ಸಾದಾ ಇಯರ್‌ಫೋನ್ ಸಾಕು. ಬ್ಲೂಟೂತಲ್ಲಿ ಹಾಡು ಚೆನ್ನಾಗಿ ಕೇಳ್ಸುತ್ತೆ ನಿಜ, ಆದ್ರೆ ಮೈಕ್ ಆನ್ ಆದ ಕೂಡ್ಲೇ ಸುಮಾರು ಹೆಡ್‌ಸೆಟ್‌ಗಳು ಕಾಲ್ ಮೋಡಿಗೆ ಹೋಗ್ಬಿಡ್ತವೆ, ಆಗ ದನಿ ಹಳೇ ಫೋನಲ್ಲಿ ಮಾತಾಡ್ದಂಗೆ ಆಗತ್ತೆ. ಇನ್ನು ಎಕೋ ವಿಷ್ಯ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ: ನಿಮ್ಮ ದನಿ ನಿಮಗೇ ವಾಪಸ್ ಕೇಳ್ತಿದ್ರೆ ಸಾಮಾನ್ಯವಾಗಿ ತಪ್ಪು ನಿಮ್ದಲ್ಲ. ಇನ್ಯಾರದ್ದೋ ಸ್ಪೀಕರಿಂದ ಹೊರಗೆ ಬಂದ ನಿಮ್ಮ ದನಿ ಅವರದ್ದೇ ಮೈಕಿಗೆ ನುಗ್ಗಿ ತಿರುಗಿ ಬರ್ತಿದೆ, ಮಜಾ ಅಂದ್ರೆ ಆ ಪುಣ್ಯಾತ್ಮನಿಗೆ ಮಾತ್ರ ಅದು ಕೇಳಲ್ಲ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡ್ತಾ ಹೋಗಿ, ಯಾರನ್ನ ಮಾಡ್ದಾಗ ನಿಲ್ಲತ್ತೋ ಅವರಿಗೆ ಇಯರ್‌ಫೋನ್ ಹಾಕ್ಕೊಳ್ಳಿ ಅಂತ ಹೇಳಿ.

ಈಗ ಅಸಲಿ ತಲೆನೋವು, ಅಂದ್ರೆ ಲ್ಯಾಗ್, ದನಿ ತಡವಾಗಿ ತಲುಪೋದು. ಎದುರಾಬದುರು ಕೂತಾಗ ಒಬ್ರು ಮಾತು ಮುಗ್ಸಿ ಇನ್ನೊಬ್ರು ಶುರು ಮಾಡೋದ್ರ ನಡುವೆ ಇರೋ ಗ್ಯಾಪು ಸುಮಾರು 200 ಮಿಲಿಸೆಕೆಂಡ್, ಅಂದ್ರೆ ಸೆಕೆಂಡಿನ ಐದನೇ ಒಂದು ಭಾಗ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕದಲ್ಲಿ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದ್ರೆ ಮಾತುಕತೆಗೆ ಅಷ್ಟೇನೂ ತೊಂದ್ರೆ ಇಲ್ಲ. ನೆಟ್ ಕೈಕೊಟ್ಟಾಗ ತಡ ಈ ಮಿತಿನ ಸುಲಭವಾಗಿ ದಾಟತ್ತೆ, ಆಗ ಇಬ್ರೂ ಒಟ್ಟಿಗೇ ಶುರು ಮಾಡ್ತಾರೆ, ಇಬ್ರೂ ಒಟ್ಟಿಗೇ ನಿಲ್ಲಿಸ್ತಾರೆ, ಹೇಳಿ ಹೇಳಿ, ಅಯ್ಯೋ ಇಲ್ಲ ನೀವೇ ಹೇಳಿ, ಮತ್ತೆ ಇಬ್ರೂ ಒಟ್ಟಿಗೇ ಶುರು. ಇದಕ್ಕೆ ಮದ್ದು ಅಂದ್ರೆ ಬೇರೆಯವ್ರು ನಿಲ್ಲಿಸಿದ್ಮೇಲೆ ಮನ್ಸಲ್ಲೇ ಒಂದು ಎರಡು ಎಣ್ಸಿ ಮಾತಾಡೋದು, ನಿಮ್ದು ಮುಗಿದಾಗ "ನಂದಿಷ್ಟೇ" ಅಂತ ಬಾಯ್ಬಿಟ್ಟು ಹೇಳೋದು. ಡಿಕ್ಕಿ ಆಯ್ತಾ, "ನೀವು ಮುಗ್ಸಿ, ಆಮೇಲೆ ನಂದು" ಅಂತ ಒಂದೇ ಸಲ ಹೇಳಿ ಮ್ಯೂಟಿಗೆ ಹೋಗಿ. ಹಾಗೇ ಯಾರಾದ್ರೂ ತಡವಾಗಿ ಉತ್ತರ ಕೊಟ್ರೆ ಇವ್ರಿಗೆ ಇಂಟ್ರೆಸ್ಟೇ ಇಲ್ಲ ಅಂತ ಅಂದ್ಕೋಬೇಡಿ, ಎಷ್ಟೋ ಸಲ ಅದು ನೆಟ್ಟಿನ ಆಟ.

ನಮ್ಗೆ ಇನ್ನೊಂದು ಅಭ್ಯಾಸ ಇದೆ, ಕೇಳ್ತಾ ಕೇಳ್ತಾ "ಹೂಂ, ಹೌದೌದು, ಕರೆಕ್ಟು" ಅಂತಿರೋದು. ಎದುರಿಗೆ ಕೂತಾಗ ಅದು ಮರ್ಯಾದೆ, ಹೂಂಗುಟ್ಟದಿದ್ರೇ ತಪ್ಪು. ಮೀಟಿಂಗಲ್ಲಿ ಮಾತ್ರ ಸಾಫ್ಟ್‌ವೇರು ಆ ಹೂಂ ಅನ್ನೋದನ್ನೇ ಮಾತು ಅಂದ್ಕೊಂಡು ಸ್ಕ್ರೀನ್ ತುಂಬಾ ನಿಮ್ಮ ಮುಖ ತಂದು ಇಡತ್ತೆ. ಮ್ಯೂಟಲ್ಲಿದ್ದು ತಲೆ ಆಡ್ಸಿ, ಸಾಕು. ಮ್ಯೂಟ್ ತೆಗೆಯೋ ಬಟನ್ ಹುಡುಕ್ತಾ ಕೂರ್ಬೇಡಿ: ಜೂಮಲ್ಲಿ ಸ್ಪೇಸ್‌ಬಾರ್ ಒತ್ತಿ ಹಿಡ್ಕೊಂಡು ಮಾತಾಡಿ ಬಿಟ್ರೆ ಮತ್ತೆ ಮ್ಯೂಟ್, ವಿಂಡೋಸಲ್ಲಿ ಗೂಗಲ್ ಮೀಟಿಗೆ ಕಂಟ್ರೋಲ್ ಡಿ, ಟೀಮ್ಸಿಗೆ ಕಂಟ್ರೋಲ್ ಶಿಫ್ಟ್ ಎಂ.

ಪ್ರಶ್ನೆ ಕೇಳೋವಾಗ ಹೆಸರು ಮೊದ್ಲು ಬರ್ಲಿ. ಪ್ರಶ್ನೆ ಎಲ್ಲಾ ಹೇಳಿ ಕೊನೇಲಿ ಹೆಸರು ಕರೆದ್ರೆ ಅವರು "ಸಾರಿ, ಇನ್ನೊಂದ್ಸಲ ಹೇಳ್ತೀರಾ" ಅನ್ನೋದು ಗ್ಯಾರಂಟಿ, ಯಾಕಂದ್ರೆ ಆಗ ಅವರು ಬೇರೆ ಟ್ಯಾಬಲ್ಲಿದ್ರು (ನಾವೂ ಅಷ್ಟೇ ಬಿಡಿ). ಬರೀ "ಸರ್" ಅಂದ್ರೆ ಮೀಟಿಂಗಲ್ಲಿರೋ ನಾಲ್ಕೂ ಸರ್‌ಗಳು ಸುಮ್ನಿರ್ತಾರೆ. "ಎಲ್ರಿಗೂ ಅರ್ಥ ಆಯ್ತಾ" ಅಂತಂತೂ ಕೇಳ್ಲೇಬೇಡಿ, ಉತ್ತರ ಬರಲ್ಲ. "ಸವಿತಾ ಮೇಡಂ, ಇದ್ರಲ್ಲಿ ನಿಮ್ಮ ಟೀಮಿಗೆ ಎಲ್ಲಿ ತೊಡಕಾಗ್ಬೋದು" ಅಂತ ಹೆಸರು ಹಿಡಿದು ಕೇಳಿ.

ಕ್ಯಾಮೆರಾ ಬಗ್ಗೆ ಜಾಸ್ತಿ ಇಲ್ಲ. ಲೆನ್ಸ್ ಕಣ್ಣಿನ ಮಟ್ಟಕ್ಕೆ ಬರೋ ಹಾಗೆ ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಡಿ, ಕಿಟಕಿ ಬೆನ್ನಿಗೆ ಬೇಡ, ಮುಖಕ್ಕೆ ಇರ್ಲಿ. ಮೀಟಿಂಗ್ ವಿಂಡೋನ ಚಿಕ್ಕದು ಮಾಡಿ ಲೆನ್ಸ್ ಕೆಳಗೇ ಎಳ್ಕೊಂಡ್ರೆ ಜನರನ್ನ ನೋಡ್ತಿದ್ರೂ ಲೆನ್ಸ್ ನೋಡ್ದಂಗೇ ಕಾಣತ್ತೆ. ನಿಮ್ಮ ಮುಖ ನಿಮಗೇ ಕಾಣೋದನ್ನ ಹೈಡ್ ಮಾಡಿ. ಜೂಮ್ ಸುಸ್ತಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಪ್ರೊಫೆಸರ್ ಜೆರೆಮಿ ಬೇಲೆನ್ಸನ್ 2021ರಲ್ಲಿ ಕೊಟ್ಟ ನಾಲ್ಕು ಕಾರಣದಲ್ಲಿ ಇದೂ ಒಂದು, ಇಡೀ ದಿನ ಕನ್ನಡಿ ಮುಂದೆ ಕೂತಂಗೆ. ಫಿಲ್ಟರ್ ಆನ್ ಇದ್ಯಾ ಅಂತ ಮಾತ್ರ ಜಾಯಿನ್ ಆಗೋ ಮುಂಚೆ ನೋಡ್ಕೊಳ್ಳಿ, ಅದೇ ವರ್ಷ ಟೆಕ್ಸಾಸಲ್ಲಿ ಒಬ್ಬ ವಕೀಲರು ಬೆಕ್ಕಿನ ಮುಖದಲ್ಲಿ ಜಡ್ಜ್ ಮುಂದೆ ಹಾಜರಾಗಿ, ನಾನು ಬೆಕ್ಕಲ್ಲ ಅಂತ ಹೇಳ್ಬೇಕಾಗಿ ಬಂದಿತ್ತು.

ಸ್ಕ್ರೀನ್ ಶೇರ್ ಮಾಡೋವಾಗ ಪೂರ್ತಿ ಸ್ಕ್ರೀನ್ ಬೇಡ, ಬೇಕಾದ ವಿಂಡೋ ಒಂದೇ ಕೊಡಿ. ನಾನು ಪೂರ್ತಿ ಕೊಟ್ಟಿದ್ದಾಗ ಮೂಲೇಲಿ ಟಿಂಗ್ ಅಂತ ಬಂದ ಮೆಸೇಜು, "ಇದು ಯಾವಾಗ ಮುಗಿಯತ್ತೋ ಮಾರಾಯ", ಅದೇ ಮೀಟಿಂಗಲ್ಲಿದ್ದ ಗೆಳೆಯಂದು, ಹೆಸರು ಸಮೇತ. "ಸ್ಕ್ರೀನ್ ಕಾಣ್ತಿದ್ಯಾ" ಅನ್ನೋದ್ರ ಬದ್ಲು "ಯಾವ ಸ್ಲೈಡ್ ಕಾಣ್ತಿದೆ" ಅಂತ ಕೇಳಿ, ನೀವು ಆರರಲ್ಲಿರ್ತೀರಾ, ಅವರಿಗಿನ್ನೂ ನಾಲ್ಕೇ ಇರತ್ತೆ. "ಇಲ್ಲಿ ನೋಡಿ" ಅಂದ್ರೆ ಫೋನಲ್ಲಿ ಜಾಯಿನ್ ಆಗಿರೋರಿಗೆ ನಿಮ್ಮ ಕರ್ಸರ್ ಇರುವೆ ಥರ, ಎಡಗಡೆ ಮೂರನೇ ಸಾಲು ಅಂತ ಹೇಳಿ.

ಕೊನೇ ಎರಡು ನಿಮಿಷ ಇರೋವಾಗ ಯಾರು ಏನು ಯಾವತ್ತಿಗೆ ಮಾಡ್ಬೇಕು ಅಂತ ಚಾಟಲ್ಲಿ ಮೂರು ಸಾಲು ಟೈಪ್ ಮಾಡಿ, ಎಲ್ರೂ ನೋಡ್ತಿರೋವಾಗ್ಲೇ. ಆಮೇಲೆ ಲೀವ್ ಒತ್ತಿ, ವಿಂಡೋ ಮುಚ್ಚಿದೆ ಅಂತ ಕಣ್ಣಾರೆ ನೋಡಿದ್ಮೇಲೇ "ಅಬ್ಬಾ" ಅನ್ನಿ.