ರೀಫಂಡ್ ಕಡಿಮೆ ಬಂದಿದೆಯೇ? ಮೊದಲು ಬಡ್ಡಿಯನ್ನು ಕಳೆಯಿರಿ

ಆದಾಯ ತೆರಿಗೆಯ ರೀಫಂಡ್ ಎಣಿಸಿದ್ದಕ್ಕಿಂತ ಕಡಿಮೆ ಬಂದಾಗ ತುಮಕೂರಿನಲ್ಲಿ ಹೆಚ್ಚಿನವರು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುವುದನ್ನು ನೋಡಿದ್ದೇನೆ. ಬ್ಯಾಂಕಿನವರು ಬಂದ ಹಣವನ್ನು ಜಮಾ ಮಾಡುತ್ತಾರೆಯೇ ಹೊರತು ಕಾರಣ ಹೇಳಲಾರರು. ಕಾರಣವೆಲ್ಲ ಇರುವುದು ಬೆಂಗಳೂರಿನ ಸಿಪಿಸಿಯು (ರಿಟರ್ನ್ಸ್ ಪರಿಶೀಲಿಸುವ ತೆರಿಗೆ ಇಲಾಖೆಯ ಕೇಂದ್ರ) 1961ರ ಆದಾಯ ತೆರಿಗೆ ಕಾಯ್ದೆಯ 143(1)ನೇ ಕಲಮಿನಡಿ ಕಳುಹಿಸುವ ಲೆಕ್ಕದ ಪತ್ರವಾದ ಇಂಟಿಮೇಷನ್‌ನಲ್ಲಿ.

ಮೊದಲ ಹೆಜ್ಜೆ, ಆ ಪತ್ರವನ್ನು ಪಡೆಯುವುದು. ಬಿ.ಎಚ್. ರಸ್ತೆಯ ಬ್ರೌಸಿಂಗ್ ಸೆಂಟರ್‌ಗಳಲ್ಲಿ ರಿಟರ್ನ್ಸ್ ತುಂಬಿಸಿದವರು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿರುವುದು ತಮ್ಮ ಇಮೇಲ್ ವಿಳಾಸವೇ, ಅಂಗಡಿಯವನದ್ದೇ ಎಂದು ಮೊದಲು ನೋಡಿಕೊಳ್ಳಲಿ. ಪತ್ರವು ಪೋರ್ಟಲ್‌ನಲ್ಲೂ ಸಿಗುತ್ತದೆ. ಅದನ್ನು ತೆರೆಯುವ ಪಾಸ್‌ವರ್ಡ್ ಎಂದರೆ ಸಣ್ಣಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿಸಿ ಎಂಟು ಅಂಕಿಗಳ ಜನ್ಮದಿನಾಂಕ. ಮೊಬೈಲ್‌ನಲ್ಲಿ ಓದಬೇಡಿ, ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ.

ಎರಡನೆಯ ಹೆಜ್ಜೆಯಲ್ಲೇ ಬಹುಪಾಲು ಜನ ಎಡವುತ್ತಾರೆ. ತಿಪಟೂರಿನ ನಿವೃತ್ತ ಶಿಕ್ಷಕರೊಬ್ಬರು 46,000 ರೂಪಾಯಿ ತೆರಿಗೆಗೆ ಎದುರಾಗಿ 64,400 ರೂಪಾಯಿ ಟಿಡಿಎಸ್ (ಆದಾಯ ಕೊಡುವವರು ಮೊದಲೇ ಮುರಿದುಕೊಂಡ ತೆರಿಗೆ) ತೋರಿಸಿ, 18,400 ರೂಪಾಯಿ ರೀಫಂಡ್ ಎದುರು ನೋಡುತ್ತಿದ್ದರು ಎಂದಿಟ್ಟುಕೊಳ್ಳೋಣ. ಸೆಪ್ಟೆಂಬರ್‌ನಲ್ಲಿ ಬಂದದ್ದು 12,570. ವ್ಯತ್ಯಾಸ 5,830. ಈ ಸಂಖ್ಯೆಯನ್ನು ಹಿಡಿದು ಕಾಗದಗಳನ್ನೆಲ್ಲ ಎಷ್ಟು ಜಾಲಾಡಿದರೂ ಅದು ಎಲ್ಲಿಯೂ ಸಿಗುವುದಿಲ್ಲ, ಏಕೆಂದರೆ ಬಂದ ಮೊತ್ತದಲ್ಲಿ ಬಡ್ಡಿಯೂ ಬೆರೆತಿದೆ. ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸಿದವರಿಗೆ ಟಿಡಿಎಸ್‌ನಿಂದ ಹುಟ್ಟಿದ ರೀಫಂಡ್‌ ಮೇಲೆ 244ಎ ಕಲಮಿನಂತೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ 0.5ರಷ್ಟು ಬಡ್ಡಿ ಸೇರುತ್ತದೆ, ತಿಂಗಳ ಭಾಗವೂ ಪೂರ್ಣ ತಿಂಗಳೆಂದೇ ಲೆಕ್ಕ. ಆದರೆ ರೀಫಂಡ್ ಒಟ್ಟು ತೆರಿಗೆಯ ಶೇ 10ಕ್ಕಿಂತ ಕಡಿಮೆಯಿದ್ದರೆ ಬಡ್ಡಿಯೇ ಇಲ್ಲ. ಇಲ್ಲಿ ಆರು ತಿಂಗಳ ಬಡ್ಡಿ 366 ರೂಪಾಯಿ. ಅಂತಿಮ ಮೊತ್ತವನ್ನು ಹತ್ತರ ಲೆಕ್ಕಕ್ಕೆ ಸರಿಹೊಂದಿಸಿದ್ದನ್ನೂ ಬಿಟ್ಟರೆ ಮೂಲ ರೀಫಂಡ್ 12,200, ನಿಜವಾದ ಕೊರತೆ 6,200. ಠೇವಣಿಯ ಬಡ್ಡಿಯಲ್ಲಿ ಬ್ಯಾಂಕಿನ ಶಾಖೆಯೊಂದು ಮುರಿದುಕೊಂಡು, ತಪ್ಪು ಪ್ಯಾನ್‌ಗೆ ಸೇರಿಸಿದ ಟಿಡಿಎಸ್ ಕೂಡ ಅಷ್ಟೇ! ಆದ್ದರಿಂದ ಬಡ್ಡಿಯ ಸಾಲಿನ ಮೊತ್ತವನ್ನು ಕಳೆಯದೆ ಯಾವ ವ್ಯತ್ಯಾಸವನ್ನೂ ಹುಡುಕಲು ಹೊರಡಬೇಡಿ.

ಬಳಿಕ, ನೀವು ಕೊಟ್ಟ ಅಂಕಿಗಳ ಮತ್ತು ಸಿಪಿಸಿ ಲೆಕ್ಕ ಹಾಕಿದ ಅಂಕಿಗಳ ಅಂಕಣಗಳನ್ನು ಸಾಲು ಸಾಲಾಗಿ ಹೋಲಿಸಿ, ಬೇರೆಯಾದ ಮೊದಲ ಸಾಲಿಗೆ ಗುರುತು ಹಾಕಿ. ಆದಾಯ ಅಥವಾ ಕಡಿತದ ಸಾಲಿನಲ್ಲೇ ಬೇರೆಯಾಗಿದ್ದರೆ, ಅದಕ್ಕೆ ಮೊದಲೇ ಬಂದಿದ್ದ, 30 ದಿನಗಳಲ್ಲಿ ಉತ್ತರಿಸಬೇಕಾಗಿದ್ದ ನೋಟಿಸನ್ನು ನೀವು ಗಮನಿಸಿರಲಿಕ್ಕಿಲ್ಲ. ತೆರಿಗೆಯ ಕೆಳಗೆ 234ಬಿ, 234ಸಿ ಬಡ್ಡಿ ಕಾಣಿಸಿದರೆ ಮುಂಗಡ ತೆರಿಗೆ ಕಟ್ಟುವುದು ತಡವಾಗಿದೆ ಅಥವಾ ಕಡಿಮೆ ಬಿದ್ದಿದೆ ಎಂದರ್ಥ. ಟಿಡಿಎಸ್ ಸಾಲು ಬೇರೆಯಾಗಿದ್ದರೆ 26ಎಎಸ್, ಅಂದರೆ ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯನ್ನು, ತೆಗೆದು ನೋಡಿ. ಸಂಬಳ ಕೊಡುವವರು ನೀಡುವ ಫಾರ್ಮ್ 16ರಲ್ಲಿದ್ದರೂ ಅಲ್ಲಿಲ್ಲದ ಮೊತ್ತ ಸಾಮಾನ್ಯವಾಗಿ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಅಂಕಣಗಳೆಲ್ಲ ತಾಳೆಯಾಗಿಯೂ ಹಣ ಕಡಿಮೆ ಬಂದಿದ್ದರೆ ಹಳೆಯ ಬಾಕಿಗೆ 245ನೇ ಕಲಮಿನಡಿ ಹೊಂದಾಣಿಕೆಯಾಗಿರುತ್ತದೆ. ಪೋರ್ಟಲ್‌ನ ಬಾಕಿ ಬೇಡಿಕೆಯ ಪುಟದಲ್ಲಿ ಅದು ಯಾವ ವರ್ಷದ್ದೆಂದು ತಿಳಿಯುತ್ತದೆ.

ಟಿಡಿಎಸ್ ತಪ್ಪಿದ್ದರೆ ಮೊದಲು ಮುರಿದುಕೊಂಡವರಿಂದಲೇ ಟಿಡಿಎಸ್ ವಿವರಪಟ್ಟಿಯನ್ನು ತಿದ್ದಿಸಬೇಕು. ಅದು 26ಎಎಸ್‌ನಲ್ಲಿ ಕಾಣಿಸಿಕೊಂಡ ನಂತರವೇ 154ನೇ ಕಲಮಿನಡಿ ತಿದ್ದುಪಡಿಗೆ ಅರ್ಜಿ ಹಾಕಿ. ಅವಸರಪಟ್ಟು ಹಾಕಿದ ಅರ್ಜಿ ಅದೇ ಉತ್ತರವನ್ನು ಹೊತ್ತು ಮರಳುತ್ತದೆ. ಶೇಕಡಾವಾರು ಕಮಿಷನ್ ಪಡೆದು ರೀಫಂಡ್ ಹೆಚ್ಚಿಸಿಕೊಡುವೆನೆನ್ನುವವರ ಬಳಿ ಹೋಗಲೇಬೇಡಿ. ಇಲ್ಲದ ದೇಣಿಗೆ ತೋರಿಸಿ ಅವರು ತರಿಸಿದ ಹಣಕ್ಕೆ ದಂಡ ಕಟ್ಟಬೇಕಾಗುವುದು ನೀವೇ.

ರೀಫಂಡ್‌ನೊಂದಿಗೆ ಬಂದ 366 ರೂಪಾಯಿ ಬಡ್ಡಿಯನ್ನು, ಅದು ಬಂದ ವರ್ಷದ ಇತರ ಮೂಲಗಳ ಆದಾಯದಲ್ಲಿ ತೋರಿಸಬೇಕೆಂಬುದನ್ನು ಇಂಟಿಮೇಷನ್‌ನ ಅಂಚಿನಲ್ಲೇ ಬರೆದಿಟ್ಟುಕೊಳ್ಳಿ.